ಬಿ ಬ್ಲಾಕಿನ ರೀಡಿಂಗ್

ಫೆ. 3, ಸೋಮವಾರ
ಬೆಳಿಗ್ಗೆ 8.40. ಇಂಟರ್ನ್‌ಶಿಪ್ಪಿಗಾಗಿ ಕಾಲೇಜಿನ ಕರೆಂಟ್ ಮೀಟರ್ ನೋಡಿ ಬರೆದಾಯಿತು. ಫರಂಗಿಪೇಟೆಯಿಂದ ಮೂಡುಬಿದಿರೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದದ್ದು... ಕಾಲು ನನ್ನದಲ್ಲ. ಕಾಲೇಜಿನ ಎ ಬ್ಲಾಕ್ ದಿನಕ್ಕೆ 210 ಯೂನಿಟ್, ಬಿ ಬ್ಲಾಕ್ 128. ಎರಡರಲ್ಲೂ ಅಷ್ಟೇ ಕ್ಲಾಸ್‌ರೂಮು, ಅಷ್ಟೇ ಫ್ಯಾನು. ಬಿ ಮೀಟರ್ ಕೆಟ್ಟಿರಬೇಕು.

ಫೆ. 5
ಮೀಟರ್ ಸರಿಯಿದೆ. ಕೆಟ್ಟದ್ದು ನನ್ನ ತಲೆ. ಅಲ್ಲಿನ ಅಟೆಂಡರ್ ರುಕ್ಮಯ್ಯಣ್ಣ ಪ್ರತಿ ಪೀರಿಯಡ್ ಮುಗಿದಾಗಲೂ ಮೂರು ಮಹಡಿ ಹತ್ತಿ ಖಾಲಿ ರೂಮುಗಳ ಸ್ವಿಚ್ ಆಫ್ ಮಾಡುತ್ತಾರೆ. ಯಾರೂ ಹೇಳಿದ್ದಲ್ಲ. ಹತ್ತೊಂಬತ್ತು ವರ್ಷದಿಂದ.

ಫೆ. 6
ಇಂಟರ್ನ್‌ಶಿಪ್ ಗೈಡ್ ಶೋಧನ್ ಸರ್‌ಗೆ ಹೇಳಿದೆ. ಮುಖ ಸಣ್ಣದಾಯಿತು. ರೂಮು ಖಾಲಿಯಾದರೆ ತಾನೇ ಆಫ್ ಮಾಡುವ ಸೆನ್ಸರ್ ಹಾಕಿದರೆ ಬಿ ಬ್ಲಾಕಿನಲ್ಲಿ ಶೇಕಡಾ ಮೂವತ್ತು ಉಳಿತಾಯ ಎಂದು ಆಗಲೇ ಮೇಲಿನವರಿಗೆ ಬರೆದಿದ್ದಾರಂತೆ.
"ಒಂದು ವಾರ ಅವರು ಸ್ವಿಚ್ ಮುಟ್ಟುವುದು ಬೇಡ ಮುರ್ಶಿದಾ. ಮೊದಲು ಇಷ್ಟು ಖರ್ಚಾಗ್ತಿತ್ತು ಅಂತ ಆ ರೀಡಿಂಗೇ ಹಾಕುವ."
ಮಂಗಳೂರಿನ ವಿದ್ಯುತ್ ಆಡಿಟ್ ಕಂಪನಿಯ ಕೆಲಸಕ್ಕೆ ನನಗೆ ಶಿಫಾರಸು ಲೆಟರ್ ಕೊಡಬೇಕಾದವರು ಅವರೇ. ತಲೆಯಾಡಿಸಿದೆ.

ಫೆ. 11
ನಿನ್ನೆ ಮತ್ತೆ 130. ಸ್ವಿಚ್ ಮುಟ್ಟಬೇಡಿ ಎಂದಿದ್ದೆನಲ್ಲ ಎಂದು ರುಕ್ಮಯ್ಯಣ್ಣನನ್ನು ಕೇಳಿದೆ.
"ಮುಟ್ಟಬಾರದು ಅಂತಲೇ ಹತ್ತಿದ್ದು. ಕೈ ಕೇಳುವುದಿಲ್ಲ ಮಾರಾಯ್ತಿ. ಒಳಗೆ ಒಬ್ಬ ಇಲ್ಲ, ಫ್ಯಾನು ಯಾರಿಗೆ ತಿರುಗುವುದು?"
ಸಿಟ್ಟು ಬಂತು. ನನ್ನ ಕೆಲಸದ ಪ್ರಶ್ನೆ ಎಂದೆ.
"ಹಾಗಾದ್ರೆ ಕೆಳಗೇ ಕೂತುಕೊಳ್ತೇನೆ."

ಫೆ. 13, ಸಂಜೆ 4.30
ನಿನ್ನೆಯದು 198. ಸರ್ ಖುಷಿ. ಕ್ಲಾಸ್ ಬಿಟ್ಟಾಗಿದೆ. ರುಕ್ಮಯ್ಯಣ್ಣ ಮೆಟ್ಟಿಲ ಬುಡದಲ್ಲಿ ಸ್ಟೂಲ್ ಹಾಕಿ ಕೂತಿದ್ದರು. ಮೇಲೆ ಫ್ಯಾನುಗಳ ಸದ್ದು.
"ವಾರ ಯಾವಾಗ ಮುಗಿಯುವುದು?"
ನಾಚಿಕೆಯಾಯಿತು. ಇವತ್ತಿಗೇ ಮುಗಿಯಿತು, ಹೋಗಿ ಎಂದೆ. ಎರಡೆರಡು ಮೆಟ್ಟಿಲು ಹತ್ತಿದರು — ಐವತ್ತೆಂಟರ ಮನುಷ್ಯ.

ಫೆ. 17
ರಿಪೋರ್ಟ್ ಕೊಟ್ಟೆ. ಬಿ ಬ್ಲಾಕ್, ಈಗಿನ ಬಳಕೆ: 128. ಸೆನ್ಸರಿನಿಂದ ಉಳಿತಾಯ: ಹೇಳುವಷ್ಟಿಲ್ಲ. ಕಾರಣ: ಅಟೆಂಡರ್ ರುಕ್ಮಯ್ಯ. ಸರ್ ಎರಡು ಸಲ ಓದಿದರು.
"ಲೆಟರ್ ಬಗ್ಗೆ ಆಮೇಲೆ ನೋಡುವ."
ಆ ಆಮೇಲೆ ಬರುವುದಿಲ್ಲ. ಗೊತ್ತಿದೆ.
ಹೋಗಿ ರುಕ್ಮಯ್ಯಣ್ಣನಿಗೆ ಆ ಪುಟ ತೋರಿಸಿದೆ. ಕನ್ನಡಕ ಹಾಕಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು ನಿಧಾನ ಓದಿದರು.
"ಇದರಿಂದ ನಿನಗೇನೂ ತೊಂದರೆ ಇಲ್ಲ ಅಲ್ವಾ?"
ಇಲ್ಲ ಎಂದೆ. ಸುಳ್ಳು. ಬಸ್ಸಿನಲ್ಲಿ ಅಳು ಬಂತು. ಸರ್ ಈಗಷ್ಟೇ ಮೆಸೇಜ್ ಹಾಕಿದ್ದಾರೆ — ರುಕ್ಮಯ್ಯಣ್ಣನ ಹೆಸರಿನ ಆ ಒಂದು ಸಾಲು ತೆಗೆದು 128ರ ಬದಲು 198 ಹಾಕಿದರೆ ಲೆಟರ್ ನಾಳೆಯೇ ಸಿಗುತ್ತದಂತೆ. ಫೈಲ್ ತೆರೆದೆ. ಅವರು ಬೆರಳಿಟ್ಟ ಸಾಲು. ಇದನ್ನು ನಾನು ಹೇಗೆ ಅಳಿಸಲಿ? ಫೈಲ್ ಹಾಗೇ ಮುಚ್ಚಿದೆ.