ಟ್ರಿಗರಿಗೆ ಕಟ್ಟಿದ ನೂಲು

ಬೆಳಗಾವಿ
22 ಅಕ್ಟೋಬರ್ 2024, ಮಂಗಳವಾರ

ಪ್ರೀತಿಯ ಸಮೃದ್ಧಿ,

ನಿನ್ನ ಅತ್ತೆ ಸಿದ್ದಕ್ಕನ ಆಶೀರ್ವಾದಗಳು. ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಸೀಮಂತದ ಕುಬಸ ಮಾಡಿ ನಿನ್ನನ್ನು ನಂದಗಡದ ತವರಿಗೆ ಕಳಿಸಿ ಇಪ್ಪತ್ತು ದಿನವಾಯಿತು. ಅಡುಗೆಮನೆಯಲ್ಲಿ ನನ್ನ ಜೊತೆ ವಾದ ಮಾಡುವವರಿಲ್ಲದೆ ನನಗೆ ಊಟ ರುಚಿಸುತ್ತಿಲ್ಲ. ನಿಮ್ಮವ್ವನ ಉಪ್ಪಿನಕಾಯಿ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತು. ಆದರೂ ಈ ಎರಡು ತಿಂಗಳು ಭರಣಿಯನ್ನು ನಿನ್ನ ಕೈಗೆಟಕದ ಕಡೆ ಇಡಲು ಹೇಳು. ನಾನೇ ಹೇಳಿದೆ ಅನ್ನು, ಬೈದರೆ ನನ್ನನ್ನೇ ಬೈಯಲಿ. ಕೂಸು ಒದೆಯುತ್ತಿದೆಯೇ? ರಾತ್ರಿ ಮಗ್ಗುಲು ಬದಲಿಸುವಾಗ ಮೊದಲು ಎದ್ದು ಕುಳಿತು, ಆಮೇಲೆ ಬದಲಿಸು.

ಫೋನು ಇರುವಾಗ ಅತ್ತೆ ಯಾಕೆ ಪತ್ರ ಬರೆದಳು ಎಂದು ಕೇಳುತ್ತೀ. ಫೋನಿನಲ್ಲಿ ನನ್ನ ದನಿ ನನ್ನ ಮಾತು ಕೇಳುವುದಿಲ್ಲ. ಸುದ್ದಿ ಹೇಳುವ ಮೊದಲೇ ಅತ್ತುಬಿಡುತ್ತೇನೆ, ನೀನು ಇಲ್ಲದ್ದೆಲ್ಲ ಕಲ್ಪಿಸಿಕೊಳ್ಳುತ್ತೀ. ಈಗ ನೀನು ನಿಂತಿದ್ದರೆ ಕುಳಿತುಕೊ. ಅಮರ ಚೆನ್ನಾಗಿ ಮಾತಾಡುತ್ತಿದ್ದಾನೆ, ಉಣ್ಣುತ್ತಿದ್ದಾನೆ, ಜೀವಕ್ಕೆ ಏನೂ ಭಯವಿಲ್ಲ. ಮೊದಲು ಇಷ್ಟನ್ನು ಎರಡು ಸಲ ಓದು. ಶುಕ್ರವಾರ ಅವನ ಬಲಗೈಗೆ ಪೆಟ್ಟಾಯಿತು. ಭಾನುವಾರ ಆಪರೇಶನ್ ಆಯಿತು. ಕೈ ಪೂರ್ತಿ ಉಳಿಯುತ್ತದೋ ಇಲ್ಲವೋ ಇನ್ನೂ ಹೇಳುತ್ತಿಲ್ಲ. ಈ ಪತ್ರವನ್ನು ಆಸ್ಪತ್ರೆಯ ಬಾಕಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇಷ್ಟು ದಿನ ಅವನು ನಿನಗೆ ಫೋನಿನಲ್ಲಿ ‘ಕೆಲಸದಾಗ ಅದೀನಿ, ಆಮ್ಯಾಲೆ ಮಾತಾಡ್ತೀನಿ’ ಎಂದದ್ದು ಎಡಗೈಯಲ್ಲಿ ಫೋನು ಹಿಡಿದು ಹೇಳಿದ ಸುಳ್ಳು. ‘ಎಂಟರಾಗ ಅದಾಳ, ಆಕಿಗೆ ಯಾರೂ ಹೇಳಬ್ಯಾಡ್ರಿ’ ಎಂದು ನಮ್ಮೆಲ್ಲರಿಂದ ಆಣೆ ಮಾಡಿಸಿಕೊಂಡಿದ್ದಾನೆ. ನಾನು ಆ ಆಣೆಯನ್ನು ಮುರಿಯುತ್ತಿದ್ದೇನೆ. ಗಂಡನ ಕೈ ಏನಾಯಿತೆಂದು ಊರಿಗೆಲ್ಲ ಗೊತ್ತಿದ್ದು ಹೆಂಡತಿಗೆ ಮಾತ್ರ ಗೊತ್ತಿಲ್ಲದಿದ್ದರೆ ಅದೆಂಥ ಮನೆತನ?

ಸಾಂಬ್ರಾ ರಸ್ತೆಯ ಮೂರಂತಸ್ತಿನ ಆ ಮನೆಯ ಕೆಲಸ ಅವನು ಹಿಡಿದದ್ದು ನಿನಗೆ ಗೊತ್ತೇ ಇದೆ. ಮಳೆಗಾಲದ ಪಾಚಿ ಕಟ್ಟಿ ಹೊರಗೋಡೆಯೆಲ್ಲ ಕಪ್ಪಾಗಿತ್ತು. ಅವರಿಗೆ ದೀಪಾವಳಿಯೊಳಗೆ ಬಣ್ಣವಾಗಬೇಕು, ಬಣ್ಣಕ್ಕಿಂತ ಮೊದಲು ಪ್ರೆಶರ್ ಮಷಿನ್ನಿನಿಂದ ತೊಳೆಯಬೇಕು. ನಿನ್ನ ಗಂಡ ಎಂಥ ಹುಷಾರಿಯವನೆಂದರೆ ಮೊದಲ ದಿನ ಗೋಡೆಗೆ ಒಂದು ಹನಿ ನೀರು ತಾಗಿಸಲಿಲ್ಲ. ಸುತ್ತ ತಿರುಗಿ ಬಿರುಕು ಎಲ್ಲಿದೆ, ಸಡಿಲ ಗಿಲಾವು ಎಲ್ಲಿದೆ ಎಂದು ಸೀಮೆಸುಣ್ಣದಿಂದ ಗುರುತು ಹಾಕಿದ. ಮನೆಯ ಮೇನ್ ಸ್ವಿಚ್ ಬಂದ್ ಮಾಡಿಸಿ ಮೀಟರಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದ. ಬೀದಿಯ ತಂತಿ ಹಾದುಹೋಗುವ ಮೂಲೆಗೆ ಮಷಿನ್ನು ಬೇಡವೇ ಬೇಡ, ಅದನ್ನು ಬಿಟ್ಟುಬಿಡೋಣ ಎಂದ. ಮನೆಯವರು ಏಣಿ ತಂದು ಕೊಟ್ಟರೆ ವಾಪಸು ಕಳಿಸಿದ. ‘ಏಣಿ ಮ್ಯಾಲ ನಿಂತು ನೀರಿನ ಗನ್ ಒತ್ತಿದ್ರ ಅದಽ ನಮ್ಮನ್ನ ಹಿಂದಕ ದೂಡತೈತ್ರಿ’ ಎಂದು ಕಬ್ಬಿಣದ ಅಟ್ಟಣಿಗೆ ಕಟ್ಟಿಸಿದ, ಸೊಂಟಕ್ಕೆ ಬೆಲ್ಟು ಹಾಕಿದ, ಕಣ್ಣಿಗೆ ಕನ್ನಡಕ ಹಾಕಿದ. ಕೆಳಗೆ ಪೆಟ್ರೋಲಿನ ಮಷಿನ್ನಿನ ಹತ್ತಿರ ಅವನ ಜೊತೆ ಕೆಲಸ ಮಾಡುವ ನಮ್ಮ ಭರಮಪ್ಪನನ್ನು ನಿಲ್ಲಿಸಿ ಅಲ್ಲಿಂದ ಅಲುಗಾಡಬೇಡ ಎಂದಿದ್ದ. ಹೀಗಿರುವವನಿಗೆ ಪೆಟ್ಟು ಹೇಗಾಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಹೇಳುತ್ತೇನೆ, ತಡಿ.

ಶುಕ್ರವಾರ ನಾನು ರೊಟ್ಟಿಯ ಗಂಟು ಹಿಡಿದು ಅಲ್ಲಿಗೆ ಹೋಗಿದ್ದೆ. ನಾಲ್ಕು ದಿನದಿಂದ ಗನ್ನಿನ ಟ್ರಿಗರನ್ನು ಒತ್ತಿ ಹಿಡಿದು ಅವನ ಬೆರಳು ಸೆಟೆದಿದ್ದವು, ರೊಟ್ಟಿ ಮುರಿಯಲೂ ಬರುತ್ತಿರಲಿಲ್ಲ. ನಾನೇ ಮುರಿದು ಕೊಟ್ಟೆ. ಟ್ರಿಗರನ್ನು ಒತ್ತಿ ಕಟ್ಟಿಬಿಟ್ಟರೆ ಬೆರಳಿಗೆ ಆರಾಮ ಅಲ್ಲವೇ ಎಂದೆ. ‘ಬ್ಯಾಡ ಅವ್ವಾ, ಕೈ ಬಿಟ್ಟಕೂಡ್ಲೆ ನೀರು ನಿಂದರಬೇಕು, ಅದಕ್ಕಽ ಹಂಗ ಮಾಡ್ಯಾರ’ ಎಂದ. ನಾನು ಕೇಳಬೇಕಲ್ಲ! ಮೂವತ್ತೊಂದು ವರ್ಷ ಮಗ್ಗದ ಮುಂದೆ ಕುಳಿತವಳು, ನನ್ನ ಸೆರಗಿನ ತುದಿಯಲ್ಲಿ ಇವತ್ತಿಗೂ ನೂಲು ಇರುತ್ತದೆ. ವಡಗಾವಿಯಲ್ಲಿ ನಾವು ಮುರಿದ ಬಾಗಿಲನ್ನೂ ನೂಲಿನಿಂದ ಕಟ್ಟುವವರು. ಅವನು ಕೈ ತೊಳೆಯಲು ಹೋದಾಗ ನಾಲ್ಕೆಳೆ ಸೇರಿಸಿ ಟ್ರಿಗರಿಗೆ ಸುತ್ತಿದೆ. ಹರಿದ ಎಳೆಗೆ ಹಾಕುವ ಗಂಟನ್ನೇ ಹಾಕಿದೆ. ಆ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ. ಅವನು ಬಂದು ನೋಡಿದ, ನನ್ನ ಮುಖ ನೋಡಿದ, ನಕ್ಕ. ‘ಇರಲಿ ಬಿಡವಾ, ಒಂದು ಗ್ವಾಡಿ ಉಳದೈತಿ’ ಎಂದು ಅಟ್ಟಣಿಗೆ ಹತ್ತಿದ. ನನ್ನ ಮನಸ್ಸು ನೋಯಿಸಬಾರದೆಂದು ಹತ್ತಿದ, ಸಮೃದ್ಧಿ. ಇದನ್ನು ನಾನು ಯಾರ ಮುಂದೆಯೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಒಂದರ್ಧ ತಾಸಿನಲ್ಲಿ ಒದ್ದೆ ಹಲಗೆಯ ಮೇಲೆ ಅವನ ಕಾಲು ಜಾರಿತು. ಬೆಲ್ಟು ಹಿಡಿದುಕೊಂಡಿತು, ಅವನು ಬೀಳಲಿಲ್ಲ. ಆದರೆ ಗನ್ನು ಕೈ ತಪ್ಪಿತು. ಕೈ ತಪ್ಪಿದರೂ ನೀರು ನಿಲ್ಲಲಿಲ್ಲ. ಪೈಪಿನ ತುದಿಯಲ್ಲಿ ಅದು ಹೆಡೆ ಎತ್ತಿದ ಹಾವಿನ ಹಾಗೆ ಹೊಡೆದಾಡುತ್ತಿದ್ದರೆ ಇವನು ಕೆಳಗೆ ನಿಂತ ನನಗೆ ಬಡಿದೀತೆಂದು ಕೈ ಚಾಚಿ ಹಿಡಿಯಲು ಹೋದ. ಭರಮಪ್ಪ ಮಷಿನ್ನು ಬಂದ್ ಮಾಡುವಷ್ಟರಲ್ಲಿ ನೀರಿನ ಧಾರೆ ಕೈಗವಸು ತೂರಿ ಅವನ ತೋರುಬೆರಳಿನ ಬುಡಕ್ಕೆ ಹೊಕ್ಕಿತ್ತು.

ಗಾಯ ಎಷ್ಟಿತ್ತು ಗೊತ್ತೇ? ಸೂಜಿ ಚುಚ್ಚಿದಷ್ಟು. ಒಂದು ಹನಿ ರಕ್ತ ಬಂತು, ಅಷ್ಟೇ. ‘ಇಷ್ಟಕ್ಕ ಯಾಕ ಅಂಜತೀಯವಾ’ ಎಂದು ಅವನೇ ನನಗೆ ಧೈರ್ಯ ಹೇಳಿದ. ನಾನು ಅರಿಶಿನ ಒತ್ತಿದೆ. ಅವನು ಬಟ್ಟೆ ಸುತ್ತಿಕೊಂಡು ಉಳಿದ ಗೋಡೆಯನ್ನು ಮುಗಿಸಿದ. ಶನಿವಾರ ಕೈ ನಾದಿಟ್ಟ ಕಣಕದ ಹಾಗೆ ಊದಿತು, ನಾನು ಮತ್ತೆ ಅರಿಶಿನ ಹಚ್ಚಿದೆ. ಭಾನುವಾರ ಮುಂಜಾನೆ ಬೆರಳು ಮಡಚಲಾಗದೆ ಹಲ್ಲು ಕಚ್ಚಿ ಕುಳಿತಿದ್ದವನನ್ನು ಭರಮಪ್ಪ ಹೊತ್ತೊಯ್ದಂತೆ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಕೈ ನೋಡುವ ಮೊದಲೇ ಯಾವಾಗ ಆಯಿತು ಎಂದು ಕೇಳಿದರು. ಶುಕ್ರವಾರ ಎಂದೆ. ‘ಇದಕ್ಕ ನಾವು ತಾಸು ಎಣಸ್ತೀವ್ರೀ ಅವ್ವಾರ, ದಿನ ಅಲ್ಲ’ ಎಂದು ಗದರಿದರು. ತೂತು ಸಣ್ಣದಾದರೂ ಪಾಚಿಯ ಹೊಲಸು, ಸೋಪಿನ ನೀರು ಎಲ್ಲ ಒಳಗೆ ನುಗ್ಗಿ ಅಂಗೈವರೆಗೆ ಹರಡಿದೆಯಂತೆ. ತೂತಿನ ಅಳತೆ ನೋಡಿ ಯಾರೂ ಮನೆಯಲ್ಲಿ ಕೂರಬಾರದಂತೆ. ಭರಮಪ್ಪ ನಡೆದದ್ದನ್ನೆಲ್ಲ ಹೇಳಿದಾಗ, ಟ್ರಿಗರಿಗೆ ನೂಲು ಯಾರು ಕಟ್ಟಿದ್ದು ಎಂದು ಅವರು ಕೇಳಿದರೆ ನಿನ್ನ ಗಂಡ ನನ್ನ ಕಡೆ ನೋಡದೆಯೇ ‘ನಾನಽ ಕಟ್ಟಿದ್ದೆರಿ’ ಎಂದ. ನಾನು ಸೆರಗಿನ ತುದಿಯ ನೂಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ.

ಅಂಗೈ ಸೀಳಿ ತೊಳೆದು ಹಾಗೆಯೇ ತೆರೆದಿಟ್ಟು ಬಟ್ಟೆ ಸುತ್ತಿದ್ದಾರೆ. ಹೆಬ್ಬೆರಳು ಮತ್ತು ಕೊನೆಯ ಮೂರು ಬೆರಳು ಇವತ್ತು ಬೆಚ್ಚಗಿವೆ. ತೋರುಬೆರಳು ತಣ್ಣಗಿದೆ. ತಾಸಿಗೊಮ್ಮೆ ನರ್ಸು ಬಂದು ಅದರ ತುದಿ ಒತ್ತಿ ನೋಡಿ ಹೋಗುತ್ತಾಳೆ. ಅವಳು ಬಂದಾಗಲೆಲ್ಲ ನಾನು ಅವಳ ಮುಖವನ್ನೇ ನೋಡುತ್ತೇನೆ. ನಾಳೆ ಬೆಳಿಗ್ಗೆ ಹೇಳುತ್ತೇವೆ ಎಂದಿದ್ದಾರೆ.

ನೀನು ಬರಬೇಡ. ಎಂಟು ತಿಂಗಳ ಬಸುರಿ ಖಾನಾಪುರದ ರಸ್ತೆಯಲ್ಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವುದು ನನಗೆ ಬೇಕಾಗಿಲ್ಲ. ನಾನಿದ್ದೇನೆ. ನನ್ನನ್ನು ಎಷ್ಟು ಬೈಯಬೇಕೋ ಅಷ್ಟು ಬೈದುಕೊ, ನಿನಗೆ ಆ ಹಕ್ಕಿದೆ, ಆದರೆ ಹೊತ್ತಿಗೆ ಸರಿಯಾಗಿ ಉಣ್ಣು. ಭರಮಪ್ಪ ನಾಳೆ ನಂದಗಡದ ಸಂತೆಗೆ ಬರುವವನಿದ್ದಾನೆ, ಇದನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ನಿಮ್ಮ ತಾಯಿ-ತಂದೆಗೆ ನನ್ನ ಶರಣು ತಿಳಿಸು. ಬಸವಣ್ಣ ನಿನ್ನನ್ನೂ ಒಳಗಿರುವ ಜೀವವನ್ನೂ ಕಾಯಲಿ.

ನಿನ್ನ ಅತ್ತೆ,
ಸಿದ್ದಕ್ಕ

ತಾ.ಕ.: ಬುಧವಾರ, ಬೆಳಿಗ್ಗೆ ಏಳೂವರೆ. ಬರಬೇಡ ಎಂದು ಬರೆದದ್ದನ್ನು ಬಿಟ್ಟುಬಿಡು. ಡಾಕ್ಟರು ಬಂದು ಹೋದರು. ತೋರುಬೆರಳು ಸತ್ತಿದೆ. ಮಧ್ಯಾಹ್ನದೊಳಗೆ ಅದನ್ನು ತೆಗೆದರೆ ಕೈ ಉಳಿಯುತ್ತದೆ, ತಡವಾದರೆ ಕೈಯೂ ಇಲ್ಲ. ಅಮರ ಆಪರೇಶನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಮಾಡುತ್ತಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ನನಗೆ ಕಾರಣ ಹೇಳಲಿಲ್ಲ. ಭರಮಪ್ಪನ ಹತ್ತಿರ ‘ಬೆರಳು ಹೋದ್ರ, ಅವ್ವ ತಾನಽ ಕಡದೀನಿ ಅಂತ ಸಾಯೂತನಾ ಕೊರಗತಾಳ’ ಎಂದನಂತೆ. ಅವನು ಉಳಿಸಲು ನೋಡುತ್ತಿರುವುದು ನನ್ನನ್ನು, ಹಾಗಾಗಿ ನಾನು ಕಾಲು ಹಿಡಿದರೂ ಕೇಳುವುದಿಲ್ಲ. ಭರಮಪ್ಪ ಸಂತೆಗೆ ಬಂದಿಲ್ಲ, ನಿನ್ನನ್ನು ಕರೆತರಲು ಬಂದಿದ್ದಾನೆ. ಗಾಡಿ ನಿಮ್ಮ ಬಾಗಿಲಲ್ಲೇ ನಿಂತಿದೆ, ಸಾವಕಾಶ ಓಡಿಸಲು ಹೇಳಿದ್ದೇನೆ. ನಿಮ್ಮವ್ವನನ್ನು ಜೊತೆಗೆ ಕರೆದುಕೊ. ಬಂದು ಅವನ ಎಡಗೈಗೆ ಪೆನ್ನು ಕೊಟ್ಟು ‘ಸಹಿ ಮಾಡ್ರಿ, ಅವ್ವನ್ನ ನಾನು ನೋಡ್ಕೋತೀನಿ’ ಅನ್ನು.