ನಿಮ್ಮ ಮಾನ್ಯತಾ ಪಟ್ಟಿಗೆ ದಿನಾಂಕ ಏಕಿಲ್ಲ?

ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ, ಕೊಡದೇ ಇರುವ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅಧಿಕಾರವುಳ್ಳ ಮಾನ್ಯರೇ,

ನನ್ನ ದೂರು ಚಿಕ್ಕದು. ನಾನು ಆನ್‌ಲೈನ್ ಮೂಲಕ ನರ್ಸಿಂಗ್ ಪದವಿ ಓದಬೇಕಾಗಿದೆ. ಯಾವ ಕಾಲೇಜಿಗೆ ಸೇರಿದರೆ ಆ ಪದವಿಯನ್ನು ನಿಮ್ಮ ಕಚೇರಿ ಮುಂದೆ ಒಪ್ಪಿಕೊಳ್ಳುತ್ತದೆ ಎಂದು ತಿಳಿಯಲು ಎರಡು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಮೂರು ಪತ್ರ ಬರೆದೆ. ಎರಡು ಸಲ ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ. ಸಹಾಯವಾಣಿಗೆ ಎಷ್ಟು ಸಲ ಫೋನ್ ಮಾಡಿದೆನೆಂದು ನೆನಪಿಲ್ಲ. ಉತ್ತರ ಸಿಕ್ಕಿಲ್ಲ. ಅರ್ಜಿ ಸಲ್ಲಿಸಲು ಈ ತಿಂಗಳ ಇಪ್ಪತ್ತೆಂಟು ಕಡೆಯ ದಿನ. ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಪತ್ರಗಳನ್ನು ಓದದಿದ್ದರೂ ನಿಮ್ಮಲ್ಲಿ ಪತ್ರಿಕೆ ಓದುತ್ತಾರೆ ಎಂಬುದಕ್ಕೆ ನನ್ನ ಬಳಿ ಸಾಕ್ಷ್ಯವಿದೆ. ನಾನು ಬಂದ ಎರಡೂ ದಿನ ಮೂರು ಮೇಜುಗಳ ಮೇಲೆ ಪತ್ರಿಕೆ ಬಿಡಿಸಿಟ್ಟಿತ್ತು.

ನಾನು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇಪ್ಪತ್ತೊಂದು ವರ್ಷಗಳಿಂದ ನರ್ಸ್. ಓದಿರುವುದು ಡಿಪ್ಲೊಮಾ. ಅವಧಿಗೆ ಮುನ್ನ ಹುಟ್ಟಿದ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಮಕ್ಕಳು ನಮ್ಮಲ್ಲಿಗೆ ಬರುತ್ತವೆ. ಅವುಗಳ ಕೈಯಲ್ಲಿ ರಕ್ತನಾಳ ಹುಡುಕುವುದು ಒದ್ದೆ ಕಾಗದದ ಮೇಲೆ ದಾರದೆಳೆ ಹುಡುಕಿದಂತೆ. ಹೊಸ ವೈದ್ಯರು ಎರಡು ಸಲ ಸೂಜಿ ಹಾಕಿ ಸಿಗದಿದ್ದರೆ, “ಸಿಸ್ಟರ್, ನೀವೇ ನೋಡಿ” ಎಂದು ಪಕ್ಕಕ್ಕೆ ಸರಿಯುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ, ದಿನಾ ನಡೆಯುವುದನ್ನು ಹೇಳುತ್ತಿದ್ದೇನೆ. ಕಳೆದ ವರ್ಷ ನಿಮ್ಮ ಕಚೇರಿ ಒಂದು ನಿಯಮ ಹೊರಡಿಸಿತು. ಮೂರು ವರ್ಷಗಳ ನಂತರ ಪದವಿ ಇಲ್ಲದವರು ತೀವ್ರ ನಿಗಾ ಘಟಕಗಳಲ್ಲಿ ಕೆಲಸ ಮಾಡುವಂತಿಲ್ಲ. ನಿಯಮ ತಪ್ಪು ಎಂದು ನಾನು ವಾದಿಸುವುದಿಲ್ಲ. ಓದು ಯಾರಿಗೂ ಕೆಡುಕಲ್ಲ. ಆದರೆ ಕೋರ್ಸ್ ಎರಡು ವರ್ಷದ್ದು. ಗಡುವಿನಲ್ಲಿ ಉಳಿದಿರುವುದೂ ಎರಡು ವರ್ಷ, ಮೇಲೊಂದಿಷ್ಟು ವಾರ. ಈ ಸಲ ಸೇರದಿದ್ದರೆ, ಅಥವಾ ಸೇರಿದ ಕೋರ್ಸನ್ನು ನೀವು ಆಮೇಲೆ ಒಪ್ಪದಿದ್ದರೆ, ನಾನು ಆ ಮಕ್ಕಳ ಕೋಣೆಯಿಂದ ಹೊರಗೆ. ಹೊರರೋಗಿ ವಿಭಾಗದಲ್ಲಿ ಟೋಕನ್ ಕೂಗಲು ಒಬ್ಬರು ಬೇಕಂತೆ. ಅಲ್ಲಿಗೆ ಪದವಿ ಬೇಕಿಲ್ಲ, ಗಟ್ಟಿ ಗಂಟಲು ಸಾಕು.

ನನಗೆ ಸಿಕ್ಕ ಕೋರ್ಸುಗಳು ಮೂರು. ಒಂದನ್ನು ನಾನೇ ತಳ್ಳಿಹಾಕಿದೆ. ಅವರ ಕರಪತ್ರದ ಮೇಲೆ ಬಂಗಾರದ ಬಣ್ಣದ ಮುದ್ರೆ ಎಷ್ಟು ದೊಡ್ಡದಿತ್ತೆಂದರೆ ಪಠ್ಯವಿಷಯಗಳ ಪಟ್ಟಿಗೆ ಜಾಗ ಉಳಿದಿರಲಿಲ್ಲ. ಫೋನ್ ಮಾಡಿದಾಗ ಒಬ್ಬ ಹುಡುಗಿ ಬಹಳ ಪ್ರೀತಿಯಿಂದ ಮಾತಾಡಿದಳು.

“ನಮ್ದು ಇಂಟರ್‌ನ್ಯಾಷನಲ್ ಮಾನ್ಯತೆ ಮೇಡಂ, ನೀವೇನೂ ಯೋಚ್ನೆ ಮಾಡ್ಬೇಡಿ.”

“ಯಾರಮ್ಮಾ ಕೊಟ್ಟಿದ್ದು?”

“ಒಂದು ಸಂಸ್ಥೆ ಇದೆ ಮೇಡಂ, ಅದು ಕೊಟ್ಟಿದೆ.”

“ಆ ಸಂಸ್ಥೆಗೆ ಯಾರು ಕೊಟ್ಟಿದ್ದು?”

“ಒಂದ್ನಿಮಿಷ ಲೈನಲ್ಲೇ ಇರಿ ಮೇಡಂ.”

ಹನ್ನೊಂದು ನಿಮಿಷ ಸಂಗೀತ ಕೇಳಿ ಫೋನ್ ಇಟ್ಟೆ. ಈ ಮಟ್ಟದ ಪರಿಶೀಲನೆಗೆ ನಿಮ್ಮ ಸಹಾಯ ನನಗೆ ಬೇಕಾಗಲಿಲ್ಲ.

ಎರಡನೆಯದು ಹಳೆಯ ಕಾಲೇಜು. ವಿಶ್ವವಿದ್ಯಾಲಯಕ್ಕೂ ಮಾನ್ಯತೆ ಇದೆ, ಅದರ ನರ್ಸಿಂಗ್ ಕೋರ್ಸಿಗೂ ಇದೆ. ಇವೆರಡೂ ಬೇರೆ ಬೇರೆ ಎಂಬುದನ್ನು ನಾನು ಇತ್ತೀಚೆಗೆ ಕಲಿತೆ. ವಿಶ್ವವಿದ್ಯಾಲಯ ಎಷ್ಟೇ ದೊಡ್ಡದಿರಲಿ, ಕೋರ್ಸಿಗೆ ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ಪ್ರಮಾಣಪತ್ರ ಗೋಡೆಗೆ ಹಾಕಲಷ್ಟೇ ಯೋಗ್ಯ. ಈ ಕಾಲೇಜಿನಲ್ಲಿ ಪಾಠಗಳು ಆನ್‌ಲೈನ್, ಆದರೆ ಪ್ರಾಯೋಗಿಕ ತರಬೇತಿಗೆ ಪ್ರತಿ ಆರು ತಿಂಗಳಿಗೆ ಎಂಟು ವಾರ ಅವರದೇ ಆಸ್ಪತ್ರೆಯಲ್ಲಿ ಇರಬೇಕು. ಅದು ರೈಲಿನಲ್ಲಿ ಒಂದು ಹಗಲಿನ ದಾರಿ. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ನನ್ನ ರಜೆ ಅರ್ಜಿ ನೋಡಿ, “ಎಂಟು ವಾರಾನಾ? ನಂಗೆ ಎಂಟು ದಿನ ಕೊಡೋಕೂ ಜನ ಇಲ್ಲ ಕಣಮ್ಮಾ,” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹನ್ನೆರಡು ಮಕ್ಕಳಿಗೆ ನಾವು ಮೂವರು.

ಮೂರನೆಯದು ನನಗಾಗಿಯೇ ಮಾಡಿದಂತಿದೆ. ಪ್ರಾಯೋಗಿಕ ತರಬೇತಿಯನ್ನು ನಾವು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮುಗಿಸಬಹುದು. ಪಾಠ ಚೆನ್ನಾಗಿದೆ, ಮಾದರಿ ತರಗತಿಯೊಂದನ್ನು ಪೂರ್ತಿ ಕೇಳಿದೆ, ಆಮ್ಲಜನಕದ ಪ್ರಮಾಣದ ಬಗ್ಗೆ ನನಗೆ ಗೊತ್ತಿಲ್ಲದ ಎರಡು ಸಂಗತಿ ಕಲಿತೆ. ನಿಮ್ಮ ಜಾಲತಾಣದ ಪಟ್ಟಿಯಲ್ಲಿ ಅದರ ಹೆಸರಿನ ಎದುರು “ಪರಿಶೀಲನೆಯಲ್ಲಿದೆ” ಎಂದಿದೆ. ಪಟ್ಟಿಯ ಅಡಿಯಲ್ಲಿ “ಇತ್ತೀಚಿನ ಸ್ಥಿತಿಗಾಗಿ ಕಚೇರಿಯನ್ನು ಸಂಪರ್ಕಿಸಿ” ಎಂದಿದೆ. ಸಂಪರ್ಕಿಸಿದೆ. ಕೌಂಟರಿನಲ್ಲಿದ್ದವರ ಜೊತೆ ನಡೆದ ಮಾತನ್ನು ಇದ್ದಹಾಗೇ ಬರೆಯುತ್ತೇನೆ.

“ಪಟ್ಟೀಲಿ ಇದೆಯಲ್ಲ ಮೇಡಂ, ನೋಡ್ಕೊಳ್ಳಿ.”

“ನೋಡಿದೆ. ಪರಿಶೀಲನೇಲಿದೆ ಅಂತ ಇದೆ.”

“ಹಾಗಾದ್ರೆ ಪರಿಶೀಲನೇಲಿದೆ.”

“ಎಷ್ಟು ದಿನದಿಂದ?”

“ಅದು ಪಟ್ಟೀಲಿ ಬರಲ್ಲ.”

“ಯಾವಾಗ ಮುಗಿಯತ್ತೆ?”

“ಮುಗಿದ್ಮೇಲೆ ಪಟ್ಟೀಲಿ ಬರತ್ತೆ.”

“ನಾನು ಈಗ ಸೇರಿ, ಆಮೇಲೆ ನೀವು ಮಾನ್ಯತೆ ಇಲ್ಲ ಅಂದ್ರೆ ನನ್ನ ಗತಿ ಏನು?”

ಅವರು ಅತ್ತಿತ್ತ ನೋಡಿ, ಗಾಜಿನ ಕೆಳಗಿನ ಕಿಂಡಿಗೆ ಮುಖ ತಂದು, ದನಿ ತಗ್ಗಿಸಿದರು. “ನನ್ನ ನಾದಿನೀನೂ ನರ್ಸೇ ಮೇಡಂ. ಅವ್ಳೂ ಇದೇ ಕೇಳ್ತಾಳೆ. ಅವ್ಳಿಗೂ ನಾನು ಏನೂ ಹೇಳಿಲ್ಲ. ಹೇಳೋಕೆ ನಂಗೇನಾದ್ರೂ ಗೊತ್ತಿದ್ರೆ ತಾನೆ?”

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಆ ಗಾಜಿನ ಹಿಂದೆ ಬರಿಗೈಯಲ್ಲಿ ಕೂರಿಸಿದವರು ನೀವು.

ಇಷ್ಟು ಅನುಮಾನ ಯಾಕೆ, ಎಲ್ಲರೂ ಸೇರುತ್ತಿಲ್ಲವೇ ಎಂದು ನೀವು ಕೇಳಬಹುದು. ಕಾರಣ ನಮ್ಮ ಘಟಕದ ಹಿರಿಯ ನರ್ಸ್ ಒಬ್ಬರು. ಅವರನ್ನು ನಾವೆಲ್ಲ ಗಡಿಯಾರದಕ್ಕ ಎನ್ನುತ್ತಿದ್ದೆವು. ಏನು ಬರೆದರೂ ಪಕ್ಕದಲ್ಲಿ ಸಮಯ ಹಾಕುವುದು ಅವರ ರೂಢಿ. ಮನೆಗೆ ತರಬೇಕಾದ ಸಾಮಾನಿನ ಚೀಟಿಯ ಮೇಲೂ “ಮಧ್ಯಾಹ್ನ 1.15” ಎಂದಿರುತ್ತಿತ್ತು. ನಾವು ನಗುತ್ತಿದ್ದೆವು, ಆದರೆ ನಮ್ಮೆಲ್ಲರ ಕೈಗೂ ಅದೇ ಚಟ ಅಂಟಿದೆ. ನಮ್ಮ ಕೆಲಸದಲ್ಲಿ ಮಗುವಿಗೆ ಔಷಧಿ ಕೊಡುವ ಮುನ್ನ ಒಬ್ಬರು ಶೀಶೆಯ ಮೇಲಿನ ಹೆಸರು, ಪ್ರಮಾಣ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಣ್ಣಾರೆ ನೋಡಬೇಕು, ಇಬ್ಬರೂ ಸಮಯ ಹಾಕಿ ಸಹಿ ಮಾಡಬೇಕು. ಸಮಯವಿಲ್ಲದೆ ಬರೆದದ್ದು ಬರೆದಂತೆಯೇ ಅಲ್ಲ.

ನಾಲ್ಕು ವರ್ಷಗಳ ಹಿಂದೆ, ಇನ್ನೂ ಯಾವ ಒತ್ತಾಯವೂ ಇಲ್ಲದಿದ್ದಾಗ, ಅಕ್ಕ ಓದುವ ಆಸೆಯಿಂದ ಒಂದು ಆನ್‌ಲೈನ್ ಕೋರ್ಸ್ ಆರಿಸಿಕೊಂಡರು. ನಿಮ್ಮ ಪಟ್ಟಿಯಲ್ಲಿ ಅದರ ಎದುರು “ಮಾನ್ಯತೆ ಇದೆ” ಎಂದಿತ್ತು. ಅಕ್ಕ ಆ ಪುಟವನ್ನು ಮುದ್ರಿಸಿ, ನನ್ನನ್ನು ಕರೆದು ಗಟ್ಟಿಯಾಗಿ ಓದಿಸಿ, ತಾವು ನೋಡಿ, ಮೂಲೆಯಲ್ಲಿ ದಿನಾಂಕ ಬರೆದು, “ಬೆಳಿಗ್ಗೆ 10.40” ಎಂದು ಹಾಕಿ ಸಹಿ ಮಾಡಿದರು. ನನ್ನಿಂದಲೂ ಮಾಡಿಸಿದರು. ಆಮೇಲೆ ಎರಡು ವರ್ಷ ಊಟದ ಬಿಡುವಿನಲ್ಲಿ, ಒಗೆದ ಬಟ್ಟೆ ಜೋಡಿಸಿಡುವ ಕೋಣೆಯಲ್ಲಿ, ಮಡಚಿದ ಹೊದಿಕೆಗಳ ರಾಶಿಗೆ ಫೋನ್ ಒರಗಿಸಿಟ್ಟು ಪಾಠ ಕೇಳಿದರು. ಐವತ್ತರ ವಯಸ್ಸಿನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದರು.

ಪದವಿಯನ್ನು ನೋಂದಾಯಿಸಲು ನಿಮ್ಮ ಕಚೇರಿಗೆ ಬಂದಾಗ ತಿಳಿದದ್ದು: ಅವರು ಓದುತ್ತಿದ್ದಾಗಲೇ ಮಾನ್ಯತೆಯ ಅವಧಿ ಮುಗಿದಿತ್ತು, ಕಾಲೇಜು ನವೀಕರಿಸಿಕೊಂಡಿರಲಿಲ್ಲ. ನೀವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೇರಿದ ದಿನವನ್ನಲ್ಲ, ಪಾಸಾದ ದಿನವನ್ನು. ಅಕ್ಕ ಆ ಮುದ್ರಿತ ಪುಟ ತೋರಿಸಿದರು. ಅದನ್ನು ನೋಡಿದ ಅಧಿಕಾರಿಯೊಬ್ಬರು ಕೇಳಿದರಂತೆ: “ಈ ದಿನಾಂಕ ಯಾರು ಹಾಕಿದ್ದು?”

“ನಾನೇ ಸರ್. ನೋಡಿದ ಸಮಯ.”

“ನಮ್ಮ ಪಟ್ಟೀಲಿ ದಿನಾಂಕ ಇರಲ್ಲವಲ್ಲ.”

“ಇರಲ್ಲ ಅಂತಾನೇ ನಾನು ಹಾಕಿದ್ದು ಸರ್.”

ಹದಿನೈದು ದಿನಗಳ ನಂತರ ಲಿಖಿತ ಉತ್ತರ ಬಂತು. ಅರ್ಜಿದಾರರು ಸಲ್ಲಿಸಿದ ಪುಟದ ಮೇಲೆ ಅರ್ಜಿದಾರರದೇ ಕೈಬರಹವಿರುವುದರಿಂದ ಅದನ್ನು ಪುರಾವೆಯಾಗಿ ಪರಿಗಣಿಸಲು ಬರುವುದಿಲ್ಲ.

ಆ ವಾಕ್ಯವನ್ನು ನಾನು ಹಲವು ಸಲ ಓದಿದ್ದೇನೆ. ಏನೂ ಬರೆಯದೆ ಕೊಟ್ಟಿದ್ದರೆ, ಇದು ಯಾವತ್ತಿನ ಪುಟವೋ ಯಾರಿಗೆ ಗೊತ್ತು ಎನ್ನುತ್ತಿದ್ದಿರಿ. ಬರೆದು ಕೊಟ್ಟಿದ್ದಕ್ಕೆ, ತಿದ್ದಿದ ಪುಟ ಎಂದಿರಿ. ಇಡೀ ಆಸ್ಪತ್ರೆಯಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದ ಕೈಬರಹ ಅದು. ನ್ಯಾಯಾಲಯದಲ್ಲಿ ಒಂದು ಮಗುವಿನ ಸಾವಿನ ವಿಚಾರಣೆ ನಡೆದಾಗ ಅಕ್ಕ ಬರೆದ ಸಮಯಗಳನ್ನೇ ಸಾಕ್ಷ್ಯವಾಗಿ ಒಪ್ಪಿದ್ದರು. ನಿಮ್ಮ ಕಚೇರಿ ನ್ಯಾಯಾಲಯಕ್ಕಿಂತ ಕಟ್ಟುನಿಟ್ಟು ಎಂದು ನಾವು ಹೆಮ್ಮೆಪಡಬೇಕೇ? ಅಷ್ಟು ಕಟ್ಟುನಿಟ್ಟಿನವರು ಒಂದು ಪಟ್ಟಿಗೆ ದಿನಾಂಕ ಹಾಕಲು ಯಾಕೆ ಹಿಂಜರಿಯುತ್ತೀರಿ? ದಿನಾಂಕ ಹಾಕಿದರೆ, ಆ ದಿನ ನಂಬಿದವರಿಗೆ ಉತ್ತರ ಹೇಳಬೇಕಾಗುತ್ತದೆ ಎಂದೇ?

ಹೊಸ ನಿಯಮ ಬಂದ ವಾರವೇ, ನೋಂದಾಯಿತ ಪದವಿ ಇಲ್ಲವೆಂದು ಅಕ್ಕನನ್ನು ಘಟಕದಿಂದ ತೆಗೆದು ಕಡತಗಳ ಕೋಣೆಗೆ ಹಾಕಿದರು. ನಾವಾದರೆ ಇನ್ನೂ ಓದಬಹುದು, ಈ ವಯಸ್ಸಿನಲ್ಲಿ ಅಕ್ಕನಿಗೆ ಮತ್ತೊಮ್ಮೆ ಓದಲು ಆಗದು ಎಂಬುದು ಅವರ ಲೆಕ್ಕ; ನಿಮ್ಮ ಗಡುವು ಬರುವವರೆಗೂ ನಮ್ಮ ಆಡಳಿತಕ್ಕೆ ತಾಳ್ಮೆ ಇರಲಿಲ್ಲ. ಮೊನ್ನೆ ಅಲ್ಲಿಗೆ ಹೋಗಿ, ಯಾವುದಕ್ಕೆ ಸೇರಲಿ ಎಂದು ಕೇಳಿದೆ. ಅವರು ಹಳೆಯ ಕೇಸ್ ಶೀಟುಗಳಿಗೆ ದಾರ ಕಟ್ಟುತ್ತಿದ್ದರು, ತಲೆಯೆತ್ತಲಿಲ್ಲ.

“ನನ್ನ ಕೇಳ್ಬೇಡ ಕಣೆ. ನಾನು ತಪ್ಪು ಮಾಡಿದ್ದಿದ್ರೆ, ನೀನು ಹಾಗೆ ಮಾಡ್ಬೇಡ ಅಂತ ಹೇಳ್ಬಹುದಿತ್ತು. ನಾನು ಸರಿಯಾಗೇ ನೋಡಿದ್ದೆ. ನೀನೂ ನೋಡಿದ್ದೆ.”

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಇದನ್ನೆಲ್ಲ ಕೇಳಿ ಅವರು ನಕ್ಕರು. “ಲಿಫ್ಟ್ ಒಳಗೆ ನೋಡಿದ್ದೀಯಲ್ಲ, ಒಂದು ಚೀಟಿ ಇರತ್ತೆ. ಯಾವತ್ತು ಚೆಕ್ ಮಾಡಿದ್ದು, ಎಲ್ಲೀತನಕ ನಡೆಯತ್ತೆ, ಯಾರು ನೋಡಿದ್ದು, ಎಲ್ಲಾ ಬರ್ದಿರ್ತೀವಿ. ಆರು ಜನ ಹತ್ತೋ ಡಬ್ಬಕ್ಕೇ ಅಷ್ಟು. ಆ ಮಾನ್ಯತೆ ಆಫೀಸಿನೋರು ಸಾವಿರ ಜನರನ್ನ ಹತ್ತಿಸಿ, ಮಧ್ಯದಲ್ಲಿ ನಿಂತ್ರೆ ಪಾಸೆಂಜರ್‌ದೇ ತಪ್ಪು ಅಂತಾರೆ.”

ನಗಲು ನನಗೂ ಆಸೆ. ಆದರೆ ಆ ಮೂರನೆಯ ಕಾಲೇಜಿನ ಅರ್ಜಿ ಈಗ ನನ್ನ ಮುಂದಿದೆ. ಎಲ್ಲ ಭರ್ತಿ ಮಾಡಿದ್ದೇನೆ. ಕೊನೆಯ ಪುಟದಲ್ಲಿ ಒಂದು ಘೋಷಣೆ ಇದೆ: “ಈ ಕೋರ್ಸಿನ ಮಾನ್ಯತೆಯ ಸದ್ಯದ ಹಾಗೂ ಮುಂದಿನ ಸ್ಥಿತಿಯನ್ನು ಸಂಬಂಧಪಟ್ಟ ಪ್ರಾಧಿಕಾರದಿಂದ ನಾನೇ ಖಚಿತಪಡಿಸಿಕೊಂಡಿದ್ದೇನೆ. ಮುಂದಿನ ಪರಿಣಾಮಗಳಿಗೆ ನಾನೇ ಹೊಣೆ.” ಕೆಳಗೆ ಸಹಿಗೆ ಜಾಗ. ವಿಚಾರಿಸಿದರೆ, ಈ ಸಾಲು ಸೇರಿಸಲು ಹೇಳಿದ್ದು ನಿಮ್ಮ ಕಚೇರಿಯೇ ಎನ್ನುತ್ತಾರೆ. ಸಂಬಂಧಪಟ್ಟ ಪ್ರಾಧಿಕಾರ ಎಂದರೆ ನೀವು. ನಿಮಗೇ ಗೊತ್ತಿಲ್ಲದ “ಮುಂದಿನ ಸ್ಥಿತಿ”ಯನ್ನು ನಾನು ನಿಮ್ಮಿಂದ ಖಚಿತಪಡಿಸಿಕೊಂಡಿದ್ದೇನೆ ಎಂದು ಬರೆದುಕೊಡಬೇಕು.

“ಹಾಕ್ಬಿಡು ಮಾರಾಯ್ತಿ,” ಎಂದರು ಗಂಡ. “ಎಲ್ರೂ ಹಾಕ್ತಾರೆ, ಯಾರೂ ಓದಲ್ಲ.”

“ನೋಡ್ದೇ ಇರೋದನ್ನ ನೋಡಿದ್ದೀನಿ ಅಂತ ಸಹಿ ಹಾಕಿದ್ರೆ ನಮ್ಮ ವಾರ್ಡಲ್ಲಿ ಏನಾಗತ್ತೆ ಗೊತ್ತಾ?”

“ಏನಾಗತ್ತೆ?”

“ಮಗು ಸಾಯತ್ತೆ.”



ಮಾನ್ಯರೇ, ಮಾನ್ಯತೆಯನ್ನು ಬೇಕಾಬಿಟ್ಟಿ ಹಂಚಿ ಎಂದು ನಾನು ಕೇಳುತ್ತಿಲ್ಲ. ಕೆಟ್ಟ ಕಾಲೇಜಿನಲ್ಲಿ ಕಲಿತ ನರ್ಸ್ ಏನು ಮಾಡಬಲ್ಲಳು ಎಂಬುದು ನಿಮಗಿಂತ ನನಗೆ ಹತ್ತಿರದಿಂದ ಗೊತ್ತು. ನಿಧಾನವಾಗಿಯೇ ಪರಿಶೀಲಿಸಿ, ಬಿಗಿಯಾಗಿಯೇ ಪರಿಶೀಲಿಸಿ. ಆದರೆ ಇಪ್ಪತ್ತೆಂಟರೊಳಗೆ ಒಂದು ಪ್ರಶ್ನೆಗೆ ಉತ್ತರ ಬೇಕು: ಪರಿಶೀಲನೆ ನಡೆಯುತ್ತಿರುವಾಗ ಸೇರಿದವರ ಪದವಿಯನ್ನು, ಆಮೇಲೆ ಮಾನ್ಯತೆ ನಿರಾಕರಿಸಿದರೂ, ನೀವು ನೋಂದಾಯಿಸುತ್ತೀರೋ ಇಲ್ಲವೋ? ಹೌದು ಎಂದರೆ ನಾಳೆಯೇ ಸೇರುತ್ತೇನೆ. ಇಲ್ಲ ಎಂದರೂ ಬೇಸರವಿಲ್ಲ, ಎಂಟು ವಾರದ ರಜೆಗಾಗಿ ಸೂಪರಿಂಟೆಂಡೆಂಟ್ ಅವರ ಬಾಗಿಲಲ್ಲಿ ಕೂರುತ್ತೇನೆ. ಉತ್ತರದ ಕೆಳಗೆ ದಿನಾಂಕವಿರಲಿ, ನಿಮ್ಮ ಕಚೇರಿಯ ಯಾರದಾದರೂ ಒಬ್ಬರ ಸಹಿ ಇರಲಿ. ನನ್ನ ಕೈಬರಹ ಅದರ ಮೇಲೆ ಬೀಳದಂತೆ ನೋಡಿಕೊಳ್ಳುತ್ತೇನೆ.

ಕಾಲೇಜಿನ ಜಾಲತಾಣದಲ್ಲಿ ಅರ್ಜಿಯ ಪುಟ ಇಪ್ಪತ್ತೆಂಟರ ಸಂಜೆ ಐದಕ್ಕೆ ಮುಚ್ಚುತ್ತದೆ. ಅಂದು ನನಗೆ ಮಧ್ಯಾಹ್ನ ಎರಡರಿಂದ ಡ್ಯೂಟಿ. ಘಟಕದೊಳಗೆ ಫೋನ್ ಒಯ್ಯುವಂತಿಲ್ಲ. ಅಂದರೆ ಎರಡು ಗಂಟೆಯೊಳಗೆ ನಾನು ಒಂದೋ ನಿಜವಲ್ಲದ ಒಂದು ಸಾಲಿನ ಕೆಳಗೆ ಸಹಿ ಹಾಕಿರುತ್ತೇನೆ, ಇಲ್ಲವೇ ಆ ಮಕ್ಕಳ ನಡುವೆ ನನಗೆ ಉಳಿದಿರುವುದು ಎರಡೇ ವರ್ಷ ಎಂದು ಒಪ್ಪಿಕೊಂಡು ಕೈ ತೊಳೆದು ಒಳಗೆ ಹೋಗಿರುತ್ತೇನೆ. ಯಾವುದು ಎಂದು ಇದನ್ನು ಬರೆಯುತ್ತಿರುವಾಗಲೂ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲವೆಂದಾದರೆ, ಗೊತ್ತಿಲ್ಲ ಎಂದಾದರೂ ಬರೆದು ತಿಳಿಸಿ.

ಇಂತಿ,
ತನ್ನ ಕೆಲಸ ಗೊತ್ತಿದ್ದೂ ತಾನು ಅದಕ್ಕೆ ಅರ್ಹಳೋ ಅಲ್ಲವೋ ಎಂದು ನಿಮ್ಮನ್ನು ಕೇಳಬೇಕಾಗಿ ಬಂದಿರುವ,
ನವಜಾತ ಶಿಶು ಘಟಕದ ಒಬ್ಬ ನರ್ಸ್