ಬಿಳಿ ಕೋಟು, ಒಂದೇ ಬಾವುಟ

ಅಪ್ಪಾ,

ಊಟಕ್ಕೆ ಕೂತಾಗಲೆಲ್ಲ ನೀವು ಹೇಳುತ್ತಿದ್ದ ಆ ಹಳೆಯ ಮೆಲ್ಬರ್ನ್ ಪಂದ್ಯದ ಕತೆ ಇವತ್ತು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ನೂರು ವರ್ಷಕ್ಕೂ ಹಿಂದಿನ ಮಾತು. ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಎರಡು ತಂಡ ಸಮಸಮ ಬಂದು, ಚಾಂಪಿಯನ್ ಯಾರೆಂದು ತೀರ್ಮಾನಿಸಲು ಇನ್ನೊಂದು ಪಂದ್ಯ ಆಡಿಸಿದರು. ಒಂದೇ ಒಂದು ಗೋಲಿನ ಅಂತರದಲ್ಲಿ ಅದು ಮುಗಿಯಿತು. ಗೆದ್ದವರ ಹೆಸರು ನೀವು ಹೇಳಿದ್ದೇ ಕಡಿಮೆ. "ಗೋಲ್ ಕಂಬದ ಹತ್ರ ನಿಂತಿದ್ದ ಅಂಪೈರ್ ಪಾಡು ಯೋಚ್ನೆ ಮಾಡೇ. ಬೆಳಿಗ್ಗೆ ತಿಂಡಿ ಇಳಿದಿರುತ್ತಾ ಅವನಿಗೆ?" ಎನ್ನುತ್ತಿದ್ದಿರಿ. ನನಗಂತೂ ಇಳಿಯಲಿಲ್ಲ ಅಪ್ಪಾ.

ಭಾನುವಾರಗಳಲ್ಲಿ ನೀವು ಆಸ್ಪತ್ರೆಯ ಬಿಳಿ ಕೋಟನ್ನೇ ಹಾಕಿಕೊಂಡು ಇಲ್ಲಿ ನೈರೋಬಿಯಲ್ಲಿ ಆಸ್ಟ್ರೇಲಿಯನ್ನರ ಆಟಕ್ಕೆ ಗೋಲ್ ಅಂಪೈರ್ ಆಗುತ್ತಿದ್ದಿರಲ್ಲ, ಅಮ್ಮ ಹುಲ್ಲಿನ ಕಲೆ ಉಜ್ಜುತ್ತಾ ಬೈಯುತ್ತಿದ್ದಳಲ್ಲ... ಅದೇ ಕೋಟು ಇವತ್ತು ನನ್ನ ಮೈಮೇಲಿತ್ತು. ಅದೇ ಆಟದಲ್ಲಿ ಇಲ್ಲಿನ ಹುಡುಗಿಯರ ಮೊದಲ ಚಾಂಪಿಯನ್‌ಶಿಪ್. ಕಿಲಿಮಾನಿ ತಂಡದವರೂ ಲ್ಯಾವಿಂಗ್ಟನ್ ತಂಡದವರೂ ಸಮಕ್ಕೆ ನಿಂತು, ಇಲ್ಲೂ ಇನ್ನೊಂದು ಪಂದ್ಯ! ನಿಯಮ ಗೊತ್ತಿದ್ದವರು ಬೇರೆ ಯಾರೂ ಸಿಗದೆ ಗೋಲ್ ಅಂಪೈರ್ ನಾನೇ ಆದೆ. ಕಿಲಿಮಾನಿಗೆ ಆಡುವ ನಿಮ್ಮ ಮೊಮ್ಮಗಳು ಅನನ್ಯಾ ಕಾರಿನಲ್ಲೇ ಮುಖ ಊದಿಸಿಕೊಂಡಿದ್ದಳು. "ಪ್ಲೀಸ್ ಅಮ್ಮಾ, ಡೋಂಟ್ ಡೂ ಇಟ್. ಕ್ಲೋಸ್ ಆದ್ರೆ ಯೂ ವಿಲ್ ಗಿವ್ ಇಟ್ ಅಗೇನ್ಸ್ಟ್ ಮಿ, ಜಸ್ಟ್ ಟು ಲುಕ್ ಫೇರ್."

ಕೊನೆಯ ನಿಮಿಷದಲ್ಲಿ ಅವಳ ತಂಡ ಮೂರು ಅಂಕ ಹಿಂದಿತ್ತು. ಅವಳು ಒದ್ದ ಚೆಂಡು ನೇರ ನನ್ನತ್ತಲೇ ಬಂತು. ನಡುವಿನ ಕಂಬಗಳೊಳಗೆ ಸರಾಗವಾಗಿ ಹೋದರೆ ಆರು ಅಂಕ, ನಾನು ಬೀಸಬೇಕಾದ್ದು ಎರಡು ಬಾವುಟ; ಎದುರಾಳಿಯ ಬೆರಳು ತಗುಲಿದರೂ ಸಾಕು, ಒಂದೇ ಅಂಕ, ಒಂದೇ ಬಾವುಟ. ಅನುಮಾನವಿದ್ದರೆ ಕಡಿಮೆಯದನ್ನೇ ಕೊಡಬೇಕು ಎಂದು ಕಲಿಸಿದವರು ನೀವೇ. ಗೋಲಿನ ಮುಂದೆ ಲ್ಯಾವಿಂಗ್ಟನ್‌ನ ಹುಡುಗಿಯೊಬ್ಬಳು ಕೈ ಚಾಚಿ ಹಾರಿದಳು. ನಾನು ಒಂದೇ ಬಾವುಟ ಬೀಸಿದೆ. ಎರಡು ಅಂಕಕ್ಕೆ ಅವಳ ತಂಡ ಸೋತಿತು.

"ಪೋಲೆ, ಮಾಮಾ," ಎಂದು ಸ್ವಾಹಿಲಿಯಲ್ಲಿ, ‘ಪಾಪ, ತಾಯೀ’ ಎನ್ನುವಂತೆ, ಕಿಲಿಮಾನಿಯ ಕೋಚ್ ಸಮಾಧಾನ ಹೇಳಿದರು. ಲ್ಯಾವಿಂಗ್ಟನ್‌ನ ಅಪ್ಪಂದಿರು ಬಂದು ಕೈ ಕುಲುಕಿ, ಸ್ವಂತ ಮಗಳೆಂದೂ ನೋಡಲಿಲ್ಲವೆಂದು ಹೊಗಳಿದರು. ಮನೆಗೆ ಬಂದಾಗಿನಿಂದ ಅನನ್ಯಾ ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ.

ನಿಜ ಏನೆಂದರೆ... ನಿಮಗಾದರೂ ಹೇಳಲೇ? ಬೆರಳು ತಗುಲಿತೋ ಇಲ್ಲವೋ, ನಾನು ನೋಡಲೇ ಇಲ್ಲ. ಒದ್ದ ರಭಸಕ್ಕೆ ಅನನ್ಯಾ ಮಂಡಿ ಹಿಡಿದುಕೊಂಡು ಬಿದ್ದಳು ಅಪ್ಪಾ. ಮೈದಾನವೆಲ್ಲ ಚೆಂಡು ನೋಡುತ್ತಿದ್ದಾಗ ನಾನು ಅವಳನ್ನು ನೋಡುತ್ತಿದ್ದೆ.

ಈಗ ಹೋಗಿ ಬಾಗಿಲು ತಟ್ಟುತ್ತೇನೆ. ತೆಗೆದರೆ ಮೊದಲು ಮಂಡಿಗೆ ಐಸ್ ಇಡುತ್ತೇನೆ. ಆಮೇಲೆ, ಅವಳು ಎಷ್ಟೇ ಕೂಗಾಡಲಿ, ಇದನ್ನು ಹೇಳಿಯೇ ಹೇಳುತ್ತೇನೆ.

ನಿಮ್ಮ
ಸುಮಾ